ಬರೆ ಬೀಳದ ಕರುಗಳು

"ತಲೆಗಿಷ್ಟು ಅಂತ ಫೀ ತಾನೇ? ತಗೋ, ಎಣಿಸ್ಕೊ. ಚೀಟಿ ಹರಿದು ಕೊಡು. ನಾನು ಹೋಗ್ಬೇಕು."

ಹಾಲಿಸ್ ಟಾರ್ಬೆಟ್ ಡಾಲರ್ ನೋಟುಗಳನ್ನು ಪಿಕಪ್ಪಿನ ಮೂತಿಯ ಮೇಲಿಟ್ಟು, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದ. ನೊರೀನ್ ಅರಾನಾ ನೋಟಿನ ಕಡೆ ನೋಡಲಿಲ್ಲ. ಅವಳ ಕಣ್ಣು ಅವನ ಬೆನ್ನ ಹಿಂದಿನ ದೊಡ್ಡಿಯ ಮೇಲಿತ್ತು.

ದೊಡ್ಡಿಯೊಳಗೆ ಕಪ್ಪು ಕರುಗಳು ಒಂದಕ್ಕೊಂದು ಒತ್ತಿಕೊಂಡು ನಿಂತು ಒಂದೇ ಸಮನೆ ಕೂಗುತ್ತಿದ್ದವು. ಕೂಗಿ ಕೂಗಿ ಅವುಗಳ ಗಂಟಲು ಕಟ್ಟಿಹೋಗಿತ್ತು. ಒಂದರ ಮೈಮೇಲೂ ಒಡೆಯನ ಗುರುತಿನ ಬರೆಯಿಲ್ಲ. ಕಿವಿ ಸೀಳಿದ ಗುರುತೂ ಇಲ್ಲ.

"ತಾಯಿಗಳೆಲ್ಲಿ ಹಾಲಿಸ್?"

"ಮನೇಲಿ."

"ಕರು ಇಲ್ಲಿ, ತಾಯಿ ಮನೇಲಿ. ವಸಂತದಲ್ಲಿ ಊರೆಲ್ಲ ಬರೆ ಹಾಕ್ತಿದ್ದಾಗ ನೀನೆಲ್ಲಿಗೆ ಹೋಗಿದ್ದೆ?"

"ಭುಜ ಹಿಡ್ಕೊಂಡಿತ್ತು, ಆಗ್ಲಿಲ್ಲ. ಕರುಗೆ ಬರೆ ಹಾಕ್ದೆ ಇರೋದು ಅಪರಾಧ ಅಂತ ಯಾವ ಕಾನೂನಲ್ಲಿದೆ, ತೋರ್ಸು."

"ಅಪರಾಧ ಅಂತ ನಾನೆಲ್ಲಿ ಹೇಳ್ದೆ? ಬರೆ ಇಲ್ಲದ ಕರು ಯಾರದ್ದು ಅಂತ ಹೇಳೋಕೆ ಇರೋದು ಒಂದೇ ಸಾಕ್ಷಿ, ಅದರ ತಾಯಿ. ತಾಯಿ ಬರ್ಲಿ. ಚೀಟಿ ಕೊಡ್ತೀನಿ."

ಹಾಲಿಸ್ ನಕ್ಕ. ಆದರೆ ನೋಟಿನ ಮೇಲಿದ್ದ ಕೈ ನಗಲಿಲ್ಲ. ಬೆರಳುಗಳು ಬಿಗಿಯಾದವು. "ಒಂದೇ ಬೆಂಚಲ್ಲಿ ಕೂತು ಓದಿದೋಳು ನೀನು. ಈಗ ಸರ್ಕಾರದ ಬಿಲ್ಲೆ ಸಿಕ್ಕಿಸ್ಕೊಂಡು ನನಗೇ ಪಾಠ ಹೇಳ್ತೀಯಲ್ಲ ಮಾರಾಯ್ತಿ."

"ಒಂದೇ ಬೆಂಚಲ್ಲಿ ಕೂತಿದ್ದಕ್ಕೇ ಹೇಳ್ತಿರೋದು. ಸುಳ್ಳು ಹೇಳುವಾಗ ನೀನು ಆಗಲೂ ಹೀಗೇ ಕಿವಿ ಕೆರ್ಕೊಳ್ತಿದ್ದೆ."

ಹಾಲಿಸ್ ಕಿವಿಯ ಹತ್ತಿರ ಹೋಗಿದ್ದ ಇನ್ನೊಂದು ಕೈಯನ್ನು ಫಕ್ಕನೆ ಕೆಳಗಿಳಿಸಿದ.

ಕಾಪರ್ ಫ್ಲ್ಯಾಟ್‌ನ ಹರಾಜು ಅಂಗಳದಲ್ಲಿ ಶುಕ್ರವಾರದ ಗದ್ದಲ ಏರುತ್ತಿತ್ತು. ಟ್ರೇಲರುಗಳು ಹಿಮ್ಮುಖವಾಗಿ ಬರುತ್ತಿದ್ದವು, ಕಬ್ಬಿಣದ ಗೇಟುಗಳು ಬಡಿದುಕೊಳ್ಳುತ್ತಿದ್ದವು, ಎಲ್ಲಾ ದೊಡ್ಡಿಗಳಿಂದಲೂ ದನಗಳ ಕೂಗು ಏಳುತ್ತಿತ್ತು. ನೆವಾಡಾದ ಈ ಮೂಲೆಯಲ್ಲಿ, ಬರೆ ತಪಾಸಣೆಯ ಅಧಿಕಾರಿ ನೊರೀನ್ ಕಣ್ಣಾಡಿಸಿ ಚೀಟಿಗೆ ರುಜು ಹಾಕದೆ ಒಂದು ಹಸುವೂ ಕೈ ಬದಲಾಯಿಸುವಂತಿಲ್ಲ, ಗಡಿ ದಾಟುವಂತಿಲ್ಲ. ತಲೆಗೆ ಒಂದೂವರೆ ಡಾಲರ್ ಫೀ. ಅಷ್ಟು ಸಣ್ಣ ಮೊತ್ತವನ್ನು ಉಳಿಸಲು ಯಾರೂ ತಪಾಸಣೆ ತಪ್ಪಿಸುವುದಿಲ್ಲ. ತಪ್ಪಿಸುವುದು ಫೀಯ ಜೊತೆಗೆ ಬರುವ ಪ್ರಶ್ನೆಯನ್ನು. ಹಾಲಿಸ್ ಕೇಳುವ ಮೊದಲೇ ಫೀ ಹಿಡಿದು ಬಂದಿದ್ದ. ಅವಳಿಗೆ ಮೊದಲು ಅನುಮಾನ ತಂದದ್ದೇ ಅದು.

ಸೋಮವಾರ ಎಮೆಟ್ ಲಾಡರ್ ತನ್ನ ಮೇಲಿನ ಹುಲ್ಲುಗಾವಲಿನ ನೀರಿನ ತೊಟ್ಟಿಯ ಪಕ್ಕದಲ್ಲಿ ತಲೆ ಒಡೆದು ಸತ್ತುಬಿದ್ದಿದ್ದ. ಆ ಹುಲ್ಲುಗಾವಲಿನ ಬೇಲಿಯಾಚೆಗಿನ ಜಮೀನು ಹಾಲಿಸ್‌ನದು.

"ನೊರೀನ್ ಮೇಡಂ!"

ಡೆಪ್ಯುಟಿ ಕ್ಲೈಡ್ ಪೆಂಡರ್ ದೊಡ್ಡ ಹೆಜ್ಜೆ ಹಾಕುತ್ತಾ ಬಂದ. ಶೆರೀಫನ ಕಚೇರಿಯಲ್ಲಿ ಅವನಿಗೆ ಸಿಕ್ಕಿದ ಮೊದಲ ಕೊಲೆ ಪ್ರಕರಣ ಇದು. ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲ ಎಂಬುದು ಮುಖದ ಮೇಲೇ ಇತ್ತು. ಕರುಗಳನ್ನು ನೋಡಿದ, ಹಾಲಿಸ್‌ನನ್ನು ನೋಡಿದ, ನೊರೀನ್‌ಳ ತೋಳು ಹಿಡಿದು ನಾಲ್ಕು ಮಾರು ದೂರ ಕರೆದೊಯ್ದ.

"ಇನ್ನೇನು ಬೇಕು ಮೇಡಂ? ಸಾಯೋ ಹಿಂದಿನ ದಿನ ಎಮೆಟ್ ಹೆಂಡತಿ ರೊವೀನಾ ಹತ್ರ ಹೇಳಿದ್ದಾರೆ, ಮೇಲಿನ ಹುಲ್ಲುಗಾವಲಲ್ಲಿ ಬರೆ ಬೀಳದ ಕರುಗಳಿವೆ ಅಂತ. ಅವರು ಸತ್ತು ಇನ್ನೂ ವಾರ ಆಗಿಲ್ಲ, ಪಕ್ಕದ ಮನೆಯವನು ಬರೆ ಬೀಳದ ಕರು ಮಾರೋಕೆ ತಂದಿದ್ದಾನೆ. ನಾನು ಇವನನ್ನ ಈಗಲೇ ಒಳಗೆ ಹಾಕ್ತೀನಿ."

"ರೊವೀನಾ ನಿನಗೆ ಹೇಳಿದ್ದು ಏನು? ಎಮೆಟ್ 'ನಮ್ಮ ಕರು' ಅಂದ್ನಂತಾ, ಬರೀ 'ಕರು' ಅಂದ್ನಂತಾ?"

ಪೆಂಡರ್ ಕಣ್ಣು ಪಿಳುಕಿಸಿದ. "ಏನು ವ್ಯತ್ಯಾಸ? ಅವರ ಹುಲ್ಲುಗಾವಲು, ಅವರ ಕರು."

"ಎಮೆಟ್‌ನ ಕೆಲಸ ನೀನು ನೋಡಿಲ್ಲ. ಏಪ್ರಿಲ್ ತಿಂಗಳಲ್ಲಿ ಪೊದೆಪೊದೆ ಹೊಕ್ಕು ಕರು ಹುಡುಕೋನು. ಒಂದೆರಡು ತಪ್ಪಿಸ್ಕೊಂಡಾವು ಅಂತಿಟ್ಕೊ. ಇಷ್ಟೊಂದು ತಪ್ಪಿಸ್ಕೊಂಡ್ವು ಅಂದ್ರೆ ನಾನು ನಂಬಲ್ಲ. ನೋಡಲ್ಲಿ, ಆ ದೊಡ್ಡ ಕರುಗೆ ಎಂಟು ತಿಂಗಳು ತುಂಬಿದೆ. ಬರೆ ಹಾಕೋ ಹೊತ್ತಿಗೆ ಅದು ಅವನ ಮೊಣಕಾಲಿಗೆ ತಾಗ್ತಿತ್ತು."

"ಹಾಗಾದ್ರೆ ಯಾರದ್ದು?"

"ಅದನ್ನ ಅವೇ ಹೇಳ್ಲಿ. ರೊವೀನಾಗೆ ಫೋನ್ ಮಾಡು. ಮೇಲಿನ ಹುಲ್ಲುಗಾವಲಿಂದ ಇಳಿಸಿದ ಹಸುಗಳಲ್ಲಿ ಕರು ಜೊತೆಗಿಲ್ಲದ ಹಸುಗಳನ್ನೆಲ್ಲ ತರೋಕೆ ಹೇಳು. ಒಂದೇ ದೊಡ್ಡಿಗೆ ಬಿಡೋಣ. ಕರು ತನ್ನ ತಾಯಿ ಹತ್ರ ಹೋಗುತ್ತೆ, ತಾಯಿ ತನ್ನದನ್ನ ಮಾತ್ರ ಕುಡಿಯೋಕೆ ಬಿಡುತ್ತೆ. ಅದಕ್ಕಿಂತ ದೊಡ್ಡ ರುಜು ನನ್ನ ಹತ್ರಾನೂ ಇಲ್ಲ, ನಿನ್ನ ನ್ಯಾಯಾಧೀಶರ ಹತ್ರಾನೂ ಇಲ್ಲ."

ಪೆಂಡರ್‌ಗೆ ಇಷ್ಟವಿರಲಿಲ್ಲ. ಆದರೂ ಫೋನ್ ಕಿವಿಗಿಟ್ಟುಕೊಂಡು ಗೇಟಿನತ್ತ ನಡೆದ.

ನೊರೀನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಮೆಟ್ ಸತ್ತ ದಿನದಿಂದ ಅವಳಿಗೆ ಹೀಗೇ ಆಗುತ್ತಿತ್ತು. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು, ಹೋದ ಮೇಲೆ ಯಾಕೆ ಬಂದೆ ಎಂದು ನೆನಪಾಗದು. ದೊಡ್ಡಿಯ ಸುತ್ತ ನಡೆದಳು. ಬೇಲಿಯ ಹಲಗೆಗಳ ನಡುವೆ ಕೈ ತೂರಿಸಿ ಒಂದು ಕರುವಿನ ಹೊಟ್ಟೆಯ ಕೆಳಗೆ ಮುಟ್ಟಿದಳು. ಕೂದಲಿನಲ್ಲಿ ಬಿಳಿಯ ಉಪ್ಪುಮಣ್ಣು ಹೆಪ್ಪುಗಟ್ಟಿತ್ತು. ಅಂಥ ಮಣ್ಣು ಎಮೆಟ್‌ನ ಜಮೀನಿನಲ್ಲೂ ಇಲ್ಲ, ಹಾಲಿಸ್‌ನ ಜಮೀನಿನಲ್ಲೂ ಇಲ್ಲ. ಬೆಟ್ಟದ ಆಚೆ ಮಗ್ಗುಲಿನಲ್ಲಿ, ಯಾರೂ ದನ ಮೇಯಿಸದ ಒಣ ಕೆರೆಯ ದಂಡೆಯಲ್ಲಿದೆ.

ಬೆರಳಿಗಂಟಿದ ಬಿಳಿ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳು ಹಾಲಿಸ್‌ನತ್ತ ತಿರುಗಿದಳು.

ಅವನು ಟ್ರೇಲರಿನ ಚಕ್ರದ ಮೇಲೊಂದು ಕಾಲಿಟ್ಟು ನಿಂತಿದ್ದ. ಹಣ ಮತ್ತೆ ಜೇಬು ಸೇರಿತ್ತು.

"ರೊವೀನಾ ಹಸು ತರ್ತಿದ್ದಾಳೆ," ಎಂದಳು ನೊರೀನ್.

ಹಾಲಿಸ್‌ನ ಮುಖದ ಬಣ್ಣ ಇಳಿಯಿತು. "ಅವಳ್ಯಾಕೆ ಇಲ್ಲಿಗೆ?"

"ಅವಳ ಗಂಡ ಸತ್ತಿದ್ದಾನೆ ಹಾಲಿಸ್. ಕರುಗಳು ಅವನವೇ ಆಗಿದ್ರೆ ಅವಳಿಗೆ ಸೇರ್ಬೇಕು. ಅವಳ ಎದುರಿಗೇ ನೋಡೋಣ."

"ಇದೆಲ್ಲ ಬೇಡ ನೊರೀನ್."

"ಯಾಕೆ ಬೇಡ?"

"ಬೇಡ ಅಂದ್ನಲ್ಲ!" ಅವನ ಧ್ವನಿ ಏರಿತು. ಪಕ್ಕದ ಓಣಿಯಲ್ಲಿ ದನ ಅಟ್ಟುತ್ತಿದ್ದವರು ತಿರುಗಿ ನೋಡಿದರು. ಅವನು ಧ್ವನಿ ತಗ್ಗಿಸಿದ. "ನಾನು ಕರುಗಳನ್ನ ವಾಪಸ್ ತಗೊಂಡು ಹೋಗ್ತೀನಿ. ಮಾರಲ್ಲ. ಆಯ್ತಾ?"

"ಪೆಂಡರ್ ಗೇಟಲ್ಲಿ ನಿಂತಿದ್ದಾನೆ. ಕೈಕೋಳ ಕೈಯಲ್ಲೇ ಇದೆ. ನಿನ್ನನ್ನ ಕರುಕಳ್ಳ ಅಂತ ಹಿಡಿಯಲ್ಲ, ಕೊಲೆಗಾರ ಅಂತ ಹಿಡೀತಾನೆ. ನನ್ನ ಹತ್ರ ನಿಜ ಹೇಳೋಕೆ ನಿನಗೆ ಇರೋದು ರೊವೀನಾಳ ಟ್ರೇಲರ್ ಬರೋವರೆಗಿನ ಹೊತ್ತು ಮಾತ್ರ."

ಹಾಲಿಸ್ ಟೋಪಿ ತೆಗೆದ. ಹಣೆಯ ಮೇಲೆ ಟೋಪಿ ಒತ್ತಿದ ಗೆರೆ ಕೆಂಪಗೆ ಕೂತಿತ್ತು. ಟೋಪಿಯನ್ನು ಕೈಯಲ್ಲಿ ತಿರುಗಿಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

"ಸಿಕ್ಕಿದ್ದು," ಎಂದ ಕೊನೆಗೆ. "ಮಂಗಳವಾರ ಬೆಳಿಗ್ಗೆ. ನನ್ನ ಮೇಲಿನ ಗೇಟು ಹಾರುಹೊಡೆದಿತ್ತು. ಒಳಗೆ ಈ ಕರುಗಳು. ತಾಯಿ ಇಲ್ಲ, ಯಾರೂ ಇಲ್ಲ. ಕೂಗ್ತಾ ನಿಂತಿದ್ವು."

"ಎಮೆಟ್‌ದು ಅಂತ ಅನ್ಕೊಂಡೆ."

"ಇನ್ಯಾರದ್ದು ಅನ್ಕೊಳ್ಳಲಿ? ಬೇಲಿಯಾಚೆ ಅವನೇ ಅಲ್ವಾ ಇರೋದು."

"ಎಮೆಟ್ ಸತ್ತ ಮಾರನೇ ದಿನ. ಹೆಣ ಇನ್ನೂ ಮಣ್ಣಾಗಿರಲಿಲ್ಲ. ಗೇಟು ಹಾಕ್ಕೊಂಡೆ."

ಹಾಲಿಸ್ ಟೋಪಿಯ ಅಂಚು ಹಿಂಡಿದ. ಅವನ ದವಡೆ ಅಲುಗುತ್ತಿತ್ತು. ನೊರೀನ್‌ಗೆ ಅವನನ್ನು ಹೊಡೆಯಬೇಕೆನಿಸಿತು, ಅದೇ ಕ್ಷಣ ಅಯ್ಯೋ ಎಂದೂ ಅನಿಸಿತು.

"ಹಾಕ್ಕೊಂಡೆ," ಎಂದ ಅವನು. "ಹಾಕ್ಕೊಂಡು ಹೋಗಿ ಸಾವಿನ ಮನೇಲಿ ಅವಳ ಎದುರಿಗೆ ಟೋಪಿ ತೆಗೆದು ನಿಂತೆ. ನನ್ನ ಕೈ ಹಿಡ್ಕೊಂಡು 'ನೀನಿದ್ದೀಯಲ್ಲ ಹಾಲಿಸ್' ಅಂದ್ಳು. ಅವಳ ಕಣ್ಣೆದುರಿಗೆ ಈಗ ಆ ಗೇಟು ತೆಗೀಬೇಡ. ಜೈಲಿಗೆ ಬೇಕಾದ್ರೆ ಹಾಕು."

"ಸೋಮವಾರ ಎಲ್ಲಿದ್ದೆ?"

"ಹಲ್ಲಿನ ಡಾಕ್ಟರ ಹತ್ರ. ಪೆಂಡರ್‌ಗೆ ಹೇಳಿದ್ದೀನಿ. ಅವನಿಗೆ ನಂಬೋಕೆ ಮನಸ್ಸಿಲ್ಲ." ಅವನು ತುಟಿ ಎಳೆದು ದವಡೆಯ ಊತ ತೋರಿಸಿದ. ಮತ್ತೆ ತಡೆದು, "ಇನ್ನೊಂದು ವಿಷಯ ಇದೆ," ಎಂದ.

"ಏನು?"

"ಭಾನುವಾರ ಎಮೆಟ್ ಬೇಲಿ ಹತ್ರ ಸಿಕ್ಕಿದ್ದ. ಏನೋ ತಲೆಕೆಡಿಸ್ಕೊಂಡಿದ್ದ. ನಿನ್ನ ವಿಷಯ ಕೇಳ್ದ."

"ನನ್ನದಾ?"

"'ನೊರೀನ್ ಹತ್ರ ಈಗ ಹಸು ಇದ್ಯಾ?' ಅಂದ. ನಾನು ನಕ್ಕೆ. ಅವಳು ಬೇರೆಯವರ ಹಸು ನೋಡೋದ್ರಲ್ಲೇ ಮುಳುಗಿದ್ದಾಳೆ, ಅವಳದ್ದು ಮಾರಿ ಎಷ್ಟೋ ವರ್ಷ ಆಯ್ತು ಅಂದೆ. ಅವನು ನಗ್ಲಿಲ್ಲ."

ನೊರೀನ್ ಅವನ ಮುಖವನ್ನೇ ನೋಡಿದಳು. ಈ ಸಲ ಅವನ ಕೈ ಕಿವಿಯ ಹತ್ತಿರ ಹೋಗಲಿಲ್ಲ.

ಎಮೆಟ್ ಅವಳನ್ನು ಚಿಕ್ಕ ವಯಸ್ಸಿನಿಂದ ಬಲ್ಲವನು. ಅವಳ ಹತ್ತಿರ ಹಸುಗಳಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಮಂದೆಯನ್ನು ಟ್ರೇಲರಿಗೆ ಹತ್ತಿಸಿದ್ದೇ ಅವನು. ಗೊತ್ತಿದ್ದದ್ದನ್ನೇ ಯಾಕೆ ಕೇಳಿದ?

ಅಷ್ಟರಲ್ಲಿ ಗೇಟಿನ ಬಳಿ ರೊವೀನಾಳ ಟ್ರೇಲರ್ ತಿರುಗಿತು.

ರೊವೀನಾ ಲಾಡರ್ ಗಂಡನ ಕೋಟನ್ನೇ ಹಾಕಿಕೊಂಡು ಬಂದಿದ್ದಳು. ತೋಳುಗಳು ಬೆರಳಿನ ತುದಿಯವರೆಗೆ ಇಳಿದಿದ್ದವು. ಪಿಕಪ್ಪಿನಿಂದ ಇಳಿದವಳೇ ಹಾಲಿಸ್‌ನನ್ನು ನೋಡಿದಳು. ಅವನು ನೆಲ ನೋಡಿದ.

"ನೀನಾ?" ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

"ರೊವೀನಾ, ನೀವು ಪಿಕಪ್ಪಲ್ಲೇ ಕೂತಿರಿ," ಎಂದಳು ನೊರೀನ್. "ನಾನು ನೋಡಿ ಹೇಳ್ತೀನಿ."

"ನಿಂತೇ ನೋಡ್ತೀನಿ. ಎಮೆಟ್ ಇದ್ದಿದ್ರೆ ಬೇಲಿ ಹತ್ತಿ ಕೂತಿರ್ತಿದ್ದ."

ಅಂಗಳದ ನಡುವೆ ಒಂದು ದೊಡ್ಡ ದೊಡ್ಡಿ ಖಾಲಿ ಮಾಡಿಸಿದರು. ಎಮೆಟ್‌ನ ಹಸುಗಳನ್ನು ಮೊದಲು ಬಿಟ್ಟರು. ಕಪ್ಪು ಹಸುಗಳು, ಎಡ ಪಕ್ಕೆಯ ಮೇಲೆ ಉದ್ದ ಕೂದಲಡಿ ಮಸುಕಾದ ಅರ್ಧಚಂದ್ರದ ಬರೆ. ಅವು ಮೂಲೆ ಸೇರಿ ನೆಲ ಮೂಸಿದವು. ಸುದ್ದಿ ಹರಡಿ ಜನ ಸೇರಿದರು. ಹರಾಜು ಕೂಗುವವನೂ ಮೈಕು ಬಿಟ್ಟು ಬಂದು ಬೇಲಿಗೆ ಒರಗಿದ.

"ಬಿಡು," ಎಂದಳು ನೊರೀನ್.

ಪೆಂಡರ್ ಒಳಗೇಟು ಎಳೆದ. ಕರುಗಳು ಒಂದು ಕ್ಷಣ ಅಂಜಿ ನಿಂತವು. ಮರುಕ್ಷಣ ಒಟ್ಟಿಗೇ ನುಗ್ಗಿದವು. ಹಸಿದ ಕರುಗಳ ಓಟ ಅದು. ಬಾಲ ನೆಟ್ಟಗೆ, ಕುತ್ತಿಗೆ ಮುಂದಕ್ಕೆ. ನೇರವಾಗಿ ಹಸುಗಳ ನಡುವೆ ಹೊಕ್ಕು ಕೆಚ್ಚಲಿಗೆ ಮೂತಿ ಹಾಕಿದವು.

"ನೋಡಿದ್ರಾ!" ಎಂದ ಪೆಂಡರ್.

"ತಡಿ."

ಮೊದಲ ಹಸು ತಿರುಗಿ ಕರುವಿನ ಬಾಲದ ಬುಡ ಮೂಸಿತು. ಮೂಸಿ, ಹಿಂಗಾಲಿನಿಂದ ಒದ್ದಿತು. ಎರಡನೆಯದು ತಲೆ ತಗ್ಗಿಸಿ ಇನ್ನೊಂದು ಕರುವನ್ನು ಬೇಲಿಗೆ ತಳ್ಳಿತು. ಕರುಗಳು ಒಂದು ಹಸುವಿನಿಂದ ಇನ್ನೊಂದಕ್ಕೆ ಓಡಿದವು, ಒದೆ ತಿಂದವು, ಮತ್ತೆ ಓಡಿದವು. ಒಂದು ಹಸುವೂ ನಿಂತು ಹಾಲು ಕೊಡಲಿಲ್ಲ.

ಬೇಲಿಯ ಸುತ್ತ ಪಿಸುಮಾತು ಎದ್ದಿತು.

"ಇವು ನಮ್ಮವಲ್ಲ," ಎಂದಳು ರೊವೀನಾ. ಅವಳ ಧ್ವನಿಯಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಆಯಾಸವಿತ್ತು. "ಅಂದ್ರೆ ಎಮೆಟ್ ನೋಡಿದ್ದು ಬೇರೆ ಯಾರದೋ ಕರು."

"ಹೌದು ರೊವೀನಾ. ಬೇರೆ ಯಾರದೋ ಕರು ತನ್ನ ಹುಲ್ಲುಗಾವಲಲ್ಲಿ ಯಾಕಿದೆ ಅಂತ ನೋಡೋಕೆ ಸೋಮವಾರ ಮತ್ತೆ ಹತ್ತಿದ."

ಹಾಲಿಸ್ ಬೇಲಿ ಹಿಡಿದುಕೊಂಡು ನಿಂತಿದ್ದ. ಅವನ ಮುಖದಲ್ಲಿ ಬಿಡುಗಡೆ ಕಾಣಲಿಲ್ಲ. ಕದ್ದದ್ದು ಸತ್ತ ನೆರೆಯವನದಲ್ಲ ಎಂದು ಈಗ ಗೊತ್ತಾಗಿತ್ತು. ಅವನದೆಂದೇ ತಿಳಿದು ಕದ್ದದ್ದು ಮಾತ್ರ ಹಾಗೇ ಉಳಿದಿತ್ತು.

ಪೆಂಡರ್ ತಲೆ ಕೆರೆದುಕೊಂಡ. "ಹಾಗಾದ್ರೆ ಈ ಹಾಳು ಕರುಗಳು ಮುಗಿಲಿಂದ ಉದುರಿದ್ವಾ ಮೇಡಂ?"

ನೊರೀನ್ ಕೈಯೆತ್ತಿ ಅವನನ್ನು ತಡೆದಳು. ಅವಳು ಕಿವಿಗೊಟ್ಟು ಕೇಳುತ್ತಿದ್ದಳು.

ಕರುಗಳು ಎಮೆಟ್‌ನ ಹಸುಗಳನ್ನು ಬಿಟ್ಟು ಉತ್ತರದ ಬೇಲಿಯ ಕಡೆ ಸರಿದಿದ್ದವು. ಮೊದಲು ಒಂದು, ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಹಲಗೆಗಳ ನಡುವೆ ಮೂತಿ ತೂರಿಸಿ ಕೂಗತೊಡಗಿದವು. ಇಷ್ಟು ಹೊತ್ತಿನ ಕೂಗಲ್ಲ ಅದು. ಕಟ್ಟಿದ ಗಂಟಲನ್ನೂ ಹರಿದುಕೊಂಡು ಬರುವ ಕೂಗು.

ಅಂಗಳದ ಆ ತುದಿಯಿಂದ, ಕೊನೆಯ ಸಾಲಿನ ದೊಡ್ಡಿಯೊಂದರಿಂದ, ಹಸುಗಳ ಉತ್ತರ ಬಂತು.

"ಅಲ್ಲಿ ಏನಿದೆ?" ಎಂದಳು ನೊರೀನ್. ಕೇಳುತ್ತಲೇ ಓಡತೊಡಗಿದ್ದಳು.

"ಬೆಳಿಗ್ಗೆ ಒಂದು ಲಾರಿ ಬಂತು," ಹರಾಜು ಕೂಗುವವನು ಹಿಂದಿನಿಂದ ಕೂಗಿ ಹೇಳಿದ. "ಹರಾಜಿಗಲ್ಲ. ನೀರು ಕುಡಿಸೋಕೆ ಇಳಿಸಿದ್ದಾರೆ."

ಕೊನೆಯ ದೊಡ್ಡಿಯಲ್ಲಿ ಹಸುಗಳು ಬೇಲಿಗೆ ಎದೆ ಕೊಟ್ಟು ನೂಕುತ್ತಿದ್ದವು. ಹಲಗೆಗಳು ಕಿರುಗುಟ್ಟುತ್ತಿದ್ದವು. ಕೆಚ್ಚಲುಗಳು ಬಿಗಿದು ಕಲ್ಲಾಗಿದ್ದವು. ಒಂದರ ಮೊಲೆಯಿಂದ ಹಾಲು ತಾನಾಗಿ ತೊಟ್ಟಿಕ್ಕುತ್ತಿತ್ತು. ಹೊಟ್ಟೆಯ ಕೆಳಗಿನ ಕೂದಲಲ್ಲಿ ಅದೇ ಬಿಳಿ ಉಪ್ಪುಮಣ್ಣು.

ಲಾರಿಯ ನೆರಳಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಚಾಲಕ ಎದ್ದು ನಿಂತ. ಬೇರೆ ಊರಿನವನು. ಅಂಗಿಯ ಮೇಲೆ ಅವನ ಹೆಸರು ಹೊಲಿದಿತ್ತು, ಡರೆಲ್ ಎಂದು.

"ಇವುಗಳ ಚೀಟಿ ಎಲ್ಲಿ?" ಎಂದಳು ನೊರೀನ್.

"ಅದೇ ಸಮಸ್ಯೆ ಮೇಡಂ. ಚೀಟಿ ತಗೊಂಡು ಕವಲುದಾರಿ ಹತ್ರ ಬರ್ತೀನಿ ಅಂದಿದ್ದರು ಮಾಲೀಕರು. ಕಾದೆ ಕಾದೆ, ಯಾರೂ ಬರ್ಲಿಲ್ಲ. ಚೀಟಿ ಇಲ್ಲದೆ ಗಡಿ ದಾಟಿದ್ರೆ ನನ್ನ ಲೈಸೆನ್ಸು ಹೋಗುತ್ತೆ. ದನಗಳು ನೀರಿಲ್ಲದೆ ಬಾಯಿ ಬಿಡ್ತಿದ್ವು, ಪಾಪ. ಇಲ್ಲಿಗೆ ತಂದು ಇಳಿಸ್ದೆ."

"ಎಲ್ಲಿಂದ ತುಂಬಿದೆ?"

"ಬೆಟ್ಟದ ಆ ಕಡೆ. ಒಣ ಕೆರೆ ಹತ್ರ ಒಂದು ಹಳೇ ದೊಡ್ಡಿ ಇದೆ. ಇವು ಒಳಗೇ ಇದ್ವು, ಯಾರೂ ಇರ್ಲಿಲ್ಲ. ಫೋನಲ್ಲಿ ದಾರಿ ಹೇಳಿದ್ರು, ತುಂಬ್ಕೊಂಡೆ."

ಹಾಗಾದರೆ ಎಮೆಟ್ ಸತ್ತ ರಾತ್ರಿ ಯಾರೋ ತಾಯಿಗಳನ್ನು ಅವಸರದಲ್ಲಿ ಬೆಟ್ಟದಾಚೆ ಅಟ್ಟಿದ್ದರು, ಕತ್ತಲಲ್ಲಿ ಹಿಂದುಳಿದ ಕರುಗಳು ಹಾಲಿಸ್‌ನ ಗೇಟಿನೊಳಗೆ ನುಗ್ಗಿದ್ದವು. ಪೆಂಡರ್ ಏದುಸಿರು ಬಿಡುತ್ತಾ ಬಂದು ನಿಂತ. ಅವನ ಹಿಂದೆ ಹಾಲಿಸ್, ಅವನ ಹಿಂದೆ ಕೋಟಿನ ತೋಳು ಮೇಲೆತ್ತಿಕೊಂಡು ರೊವೀನಾ. ನೊರೀನ್ ಜೇಬಿನಿಂದ ಕೂದಲು ಬೋಳಿಸುವ ಬ್ಯಾಟರಿ ಕ್ಲಿಪ್ಪರ್ ತೆಗೆದು ಬೇಲಿ ಹತ್ತಿ ಒಳಗೆ ಇಳಿದಳು. ಚಳಿಗಾಲಕ್ಕೆ ಹಸುಗಳ ಮೈಮೇಲೆ ಉದ್ದ ಕೂದಲು ಬಂದಿತ್ತು. ಬರೆ ಇದ್ದ ಜಾಗದಲ್ಲಿ ಒಂದು ಅಸ್ಪಷ್ಟ ಸುಳಿ, ಅಷ್ಟೇ ಕಾಣುತ್ತಿತ್ತು.

ಹಾಲು ತೊಟ್ಟಿಕ್ಕುತ್ತಿದ್ದ ಹಸುವನ್ನು ಮೂಲೆಗೆ ಒತ್ತರಿಸಿ ಅವಳು ಕ್ಲಿಪ್ಪರ್ ಆಡಿಸಿದಳು. ಕಪ್ಪು ಕೂದಲು ಮುದ್ದೆಮುದ್ದೆಯಾಗಿ ಉದುರಿತು. ಕೆಳಗಿನಿಂದ ಗೆರೆ ಎದ್ದಿತು. ಅಗಲವಾಗಿ ಹರಡಿಕೊಂಡ ಹಳೆಯ ಗೆರೆ, ಕರುವಾಗಿದ್ದಾಗ ಹಾಕಿದ್ದು, ಹಸುವಿನ ಜೊತೆ ಬೆಳೆದದ್ದು. ನಾಲ್ಕು ವರ್ಷದ ಆಸುಪಾಸಿನದ್ದಿರಬೇಕು. ಮೊದಲು ಒಂದು ಸುತ್ತು. ಅದರಿಂದ ಕೆಳಗಿಳಿದ ಒಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಹಲ್ಲು.

ಕೀಲಿಕೈ.

ಅವಳ ಕೈಯಲ್ಲಿ ಕ್ಲಿಪ್ಪರ್ ಗುಂಯ್‌ಗುಡುತ್ತಲೇ ಇತ್ತು. ಆರಿಸಬೇಕೆಂದು ತೋಚಲಿಲ್ಲ.

"ಯಾರ ಬರೆ ಅದು?" ಎಂದ ಪೆಂಡರ್ ಬೇಲಿಯಾಚೆಯಿಂದ.

ನೊರೀನ್ ಬಾಯಿ ತೆರೆಯುವ ಮೊದಲೇ ಹಾಲಿಸ್ ಹೇಳಿದ. ಅವನ ಧ್ವನಿಯಲ್ಲಿ ಕುಹಕವಿರಲಿಲ್ಲ, ಬೆರಗಿತ್ತು. "ಅದು ಅರಾನಾ ಮುದುಕನ ಬರೆ. ನೊರೀನ್‌ನ ಅಪ್ಪಂದು." ಮತ್ತೆ, ಬಹಳ ಮೆಲ್ಲಗೆ, "ಎಮೆಟ್ ಕೇಳಿದ್ದು ಅದಕ್ಕೇ," ಎಂದ.

ಅಪ್ಪ ಸಾಯುವ ಮುನ್ನ ಆ ಬರೆಯನ್ನು ಸರ್ಕಾರದ ದಾಖಲೆಯಲ್ಲಿ ಅವಳ ಹೆಸರಿಗೆ ಮಾಡಿದ್ದ. ಅವಳೊಬ್ಬಳ ಹೆಸರಿಗೆ. ಹಸುಗಳನ್ನು ಮಾರಿ ಹತ್ತು ವರ್ಷದ ಮೇಲಾಗಿದ್ದರೂ ನವೀಕರಣದ ಫೀಯನ್ನು ಅವಳು ತಪ್ಪದೆ ಕಟ್ಟುತ್ತಿದ್ದಳು. ಕಟ್ಟದಿದ್ದರೆ ಬರೆ ಸತ್ತುಹೋಗುತ್ತದೆ, ಬೇರೆ ಯಾರಾದರೂ ಕೇಳಿ ಪಡೆಯಬಹುದು. ಅಪ್ಪನ ಗೋರಿಗೆ ಹೂವಿಡುವ ಹಾಗೆ ಕಟ್ಟುತ್ತಿದ್ದಳು. ಕಾನೂನಿನ ಕಣ್ಣಿನಲ್ಲಿ ಕೀಲಿಕೈ ಬರೆಯಿರುವ ಪ್ರತಿ ಹಸುವೂ ನೊರೀನ್ ಅರಾನಾಳದ್ದೇ.

"ಯಾರೋ ಬರೆ ಹಾಕೋ ಹೊಸ ಕಬ್ಬಿಣ ಮಾಡಿಸಿದ್ದಾರೆ," ಎಂದಳು. "ಇದನ್ನ ನೋಡಿ ಯಾರು ಬೇಕಾದ್ರೂ ಮಾಡಿಸಬಹುದು."

ಹಾಗೆ ಹೇಳುತ್ತಲೇ ಅವಳು ಬಗ್ಗಿ, ತುದಿಯ ಕೂದಲನ್ನು ಇನ್ನಷ್ಟು ಕತ್ತರಿಸಿದಳು. ಅಪ್ಪನ ಕಬ್ಬಿಣದಲ್ಲಿ ಕೀಲಿಕೈಯ ಕೊನೆಯ ಹಲ್ಲು ಅರ್ಧಕ್ಕೆ ಮುರಿದಿತ್ತು. ಒಂದು ಚಳಿಗಾಲದಲ್ಲಿ ತೊಟ್ಟಿಯ ಮಂಜುಗಡ್ಡೆ ಒಡೆಯಲು ಹೋಗಿ ಮುರಿದುಕೊಂಡಿದ್ದ. ರಿಪೇರಿ ಮಾಡಿಸು ಎಂದರೆ, ಹಲ್ಲು ಮುರಿದರೂ ನನ್ನ ಬೀಗ ತೆಗೆಯುತ್ತೆ ಕಣೆ ಎಂದು ನಗುತ್ತಿದ್ದ. ಹಲ್ಲು ಪೂರ್ತಿಯಾಗಿದ್ದರೆ ಸಾಕು, ಇದು ಬೇರೆ ಕಬ್ಬಿಣ.

ಹೆಬ್ಬೆರಳಿನಿಂದ ಚರ್ಮ ಒರೆಸಿದಳು. ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು.

ಕೊನೆಯ ಹಲ್ಲು ಅರ್ಧಕ್ಕೇ ನಿಂತಿತ್ತು.

ಬೇಲಿಯಾಚೆ ಪೆಂಡರ್ ಚಾಲಕನನ್ನು ಕೇಳುತ್ತಿದ್ದ. "ಮಾಲೀಕರ ಹೆಸರೇನಂದ್ರು?"

"ಅರಾನಾ ಅಂದ್ರು ಸಾರ್."

"ಫೋನಲ್ಲಿ ಗಂಡಸಾ, ಹೆಂಗಸಾ?"

"ಗಂಡಸು. ಚೀಟಿ ಸಿಗುತ್ತೆ ತಾನೇ, ಆಮೇಲೆ ತೊಂದ್ರೆ ಆಗ್ಬಾರದು ಅಂತ ನಾನು ಕೇಳ್ದೆ ಸಾರ್. ನಕ್ಕುಬಿಟ್ರು. 'ಚೀಟಿ ವಿಷಯ ನೀನು ತಲೆ ಕೆಡಿಸ್ಕೋಬೇಡ, ಅದು ನಮ್ಮ ಮನೇಲೇ ಆಗುತ್ತೆ' ಅಂದ್ರು."

ದೂರದ ಬೇಲಿಯಲ್ಲಿ ಕರುಗಳು ಕೂಗುತ್ತಲೇ ಇದ್ದವು. ರೊವೀನಾ ಒಂದು ಹೆಜ್ಜೆ ಹಿಂದೆ ಸರಿದಳು. ನೊರೀನ್‌ಳನ್ನು ನೋಡುತ್ತಿದ್ದ ಅವಳ ಕಣ್ಣು, ಸ್ವಲ್ಪ ಹೊತ್ತಿಗೆ ಮುಂಚೆ ಹಾಲಿಸ್‌ನನ್ನು ನೋಡಿದ್ದ ಕಣ್ಣೇ ಆಗಿತ್ತು.

ಪೆಂಡರ್ ಮೆಲ್ಲಗೆ ಗೇಟು ತೆಗೆದು ಒಳಗೆ ಬಂದ.

"ನೊರೀನ್ ಅರಾನಾ ಅವರೇ," ಎಂದ. ಮೇಡಂ ಎನ್ನಲಿಲ್ಲ. "ಆ ಕ್ಲಿಪ್ಪರ್ ನನ್ನ ಕೈಗೆ ಕೊಡಿ. ನಿಮ್ಮ ಅಪ್ಪನ ಕಬ್ಬಿಣ ಎಲ್ಲಿದೆ?"

"ಮನೇಲಿ. ಕೊಟ್ಟಿಗೆಯ ಗೋಡೆ ಮೇಲೆ."

"ಬೀಗ ಇದ್ಯಾ?"

"ಇದೆ."

"ಯಾರ ಕೈಗೆ ಸಿಗುತ್ತೆ ಅದು? ಮನೇಲಿ ನಿಮ್ಮ ತಮ್ಮ ಮಾರ್ಟಿನ್ ಇದ್ದಾರಲ್ಲ?"

ಮಾರ್ಟಿನ್. ಅಮ್ಮ ಹೋದ ಮೇಲೆ ಅವಳೇ ಉಣ್ಣಿಸಿ ಬೆಳೆಸಿದ ತಮ್ಮ. ಅಪ್ಪ ಬರೆಯನ್ನು ಅಕ್ಕನ ಹೆಸರಿಗೆ ಮಾಡಿದ ದಿನ ಒಂದು ಮಾತೂ ಆಡದೆ ಹೊರಗೆ ಹೋಗಿದ್ದವನು. ಐದು ವರ್ಷದ ಹಿಂದೆ ಕೆಲಸ ಕಳೆದುಕೊಂಡು ವಾಪಸ್ ಬಂದು, ಕೊಟ್ಟಿಗೆಯ ಬೀಗದ ಇನ್ನೊಂದು ಕೈ ಜೇಬಿನಲ್ಲಿಟ್ಟುಕೊಂಡು ಅದರ ಮೇಲಿನ ಕೋಣೆಯಲ್ಲಿ ಉಳಿದುಕೊಂಡವನು. ಸೋಮವಾರ ಸಂಜೆ ಅಂಗಿಯನ್ನು ತಾನೇ ತೊಳೆದು ಹಗ್ಗಕ್ಕೆ ಹಾಕುತ್ತಿದ್ದ. ಅವಳು ತಮಾಷೆ ಮಾಡಿದ್ದಳು, ಸೂರ್ಯ ಇವತ್ತು ಎಲ್ಲಿ ಹುಟ್ಟಿದ ಎಂದು. ಇವತ್ತು ಬೆಳಿಗ್ಗೆ ಅವಳಿಗೆ ಕಾಫಿ ಮಾಡಿಕೊಟ್ಟು, ಹರಾಜಿಗೆ ಎಷ್ಟು ಹೊತ್ತಿಗೆ ಹೋಗ್ತೀಯಕ್ಕ, ಎಷ್ಟು ಹೊತ್ತು ಅಲ್ಲಿರ್ತೀಯ ಎಂದು ಎರಡೆರಡು ಸಲ ಕೇಳಿದ್ದ.

ಹಸು ಅವಳ ತೋಳಿಗೆ ಬಿಸಿಯುಸಿರು ಬಿಟ್ಟಿತು. ಅವಳ ಹೆಬ್ಬೆರಳು ಇನ್ನೂ ಆ ಮುರಿದ ಹಲ್ಲಿನ ಮೇಲೇ ಇತ್ತು.

ಇಷ್ಟು ವರ್ಷದ ಕೆಲಸದಲ್ಲಿ ನೊರೀನ್ ಅರಾನಾ ಒಂದು ಹಸುವಿನ ಬಗ್ಗೆಯೂ ಸುಳ್ಳು ಹೇಳಿರಲಿಲ್ಲ. ಅದಕ್ಕೇ ಅವಳ ಮಾತು ಈ ಸೀಮೆಯಲ್ಲಿ ನಡೆಯುತ್ತಿತ್ತು.

"ಮಾರ್ಟಿನ್‌ಗೆ ಆ ಕಬ್ಬಿಣ ಇರೋದೇ ಗೊತ್ತಿಲ್ಲ," ಎಂದಳು ಅವಳು, ಪೆಂಡರ್‌ನ ಕಣ್ಣನ್ನೇ ನೋಡುತ್ತಾ. "ಆ ಬೀಗದ ಕೈ ಇರೋದು ನನ್ನೊಬ್ಬಳ ಹತ್ರ."